ಮನೆ ಟಿವಿಗೆ ನ್ಯಾಸ್ ತಗೋಬೇಕು: ರೆಡಿ ಬಾಕ್ಸ್ ಒಳ್ಳೆಯದಾ, ಮಿನಿ ಪಿಸಿ ಒಳ್ಳೆಯದಾ?

ಬನಶಂಕರಿ ವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಸಿನಿಮಾ, ಹಾಡು, ಫೋಟೋ ಎಲ್ಲ ನಾಲ್ಕೈದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗಳಲ್ಲಿ ಚದುರಿಹೋಗಿದೆ. ಯಾವುದು ಎಲ್ಲಿದೆ ಅಂತ ಹುಡುಕೋದೇ ಒಂದು ಕೆಲಸ. ಎಲ್ಲ ಒಂದೇ ಕಡೆ, ಒಂದು ನ್ಯಾಸ್‌ನಲ್ಲಿ (ಮನೆಯ ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಡಬ್ಬ) ಇರಬೇಕು. ಅಪ್ಪ ಅಮ್ಮ ಹಾಲ್‌ನಲ್ಲಿ ಕೂತು ರಿಮೋಟ್ ಒತ್ತಿದರೆ ಟಿವಿಯಲ್ಲಿ ಬರಬೇಕು.

ಇರುವ ಸರಕು ಹೇಳಿಬಿಡುತ್ತೇನೆ. ನಾನೇ ಕೊಂಡ ಡಿವಿಡಿ, ಬ್ಲೂ-ರೇಗಳಿವೆ. ಹಳೇ ಕನ್ನಡ ಸಿನಿಮಾಗಳ ವಿಸಿಡಿ ಒಂದು ಪೆಟ್ಟಿಗೆ ತುಂಬ ಇವೆ. ಅಕ್ಕನ ಮದುವೆಯ ಮಿನಿ ಡಿವಿ ಟೇಪ್‌ಗಳಿವೆ. ಅಪ್ಪ ಊರಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ತಾಳಮದ್ದಳೆ ಕ್ಯಾಸೆಟ್‌ಗಳೂ ಇವೆ. ಟೇಪು, ಕ್ಯಾಸೆಟ್ಟು ಇನ್ನೂ ಕಂಪ್ಯೂಟರ್‌ಗೆ ಇಳಿಸಿಲ್ಲ.

ಟಿವಿ 55 ಇಂಚಿನ 4ಕೆ ಆಂಡ್ರಾಯ್ಡ್. ಬಜೆಟ್ ಡಿಸ್ಕ್ ಸೇರಿ 60,000 ರೂಪಾಯಿ. ರೆಡಿ ಬಾಕ್ಸ್‌ಗಳಲ್ಲಿ ಸಿನಾಲಜಿ ಡಿಎಸ್224 ಪ್ಲಸ್ ನೋಡಿದ್ದೇನೆ. ಇಂಟೆಲ್ ಎನ್100 ಮಿನಿ ಪಿಸಿ ತಗೋ ಅಂತ ಸ್ನೇಹಿತರು ಹೇಳುತ್ತಾರೆ. ಅಂಗಡಿಯವರು ನಾಲ್ಕು ಡಿಸ್ಕ್ ಹಿಡಿಸುವ ಬಾಕ್ಸೇ ಬೇಕು ಅನ್ನುತ್ತಾರೆ. ಏನು ಮಾಡಲಿ?

ಎಚ್‌ಎಸ್‌ಆರ್ ಹುಡುಗ

ಎನ್100 ತಗೊಳ್ಳಿ ಸರ್, ಯೋಚನೆ ಮಾಡೋದೇ ಬೇಡ. 2023ರ ಚಿಪ್. ನಾಲ್ಕು ಕೋರ್, ಟಿಡಿಪಿ (ಚಿಪ್ ಎಳೆಯುವ ಕರೆಂಟಿನ ಅಂದಾಜು) ಬರೀ 6 ವಾಟ್. ಒಳಗಿರುವ ಕ್ವಿಕ್ ಸಿಂಕ್, ಅಂದರೆ ವಿಡಿಯೋ ಬದಲಾಯಿಸುವ ಭಾಗ, 4ಕೆ ಎಚ್.265 (ವಿಡಿಯೋ ಕುಗ್ಗಿಸಿಡುವ ಒಂದು ರೂಪ) ಫೈಲ್‌ಗಳನ್ನು ಆರಾಮಾಗಿ ಬದಲಾಯಿಸಿ ಕಳಿಸುತ್ತದೆ. ಎವಿ1 ಅನ್ನುವ ಹೊಸ ರೂಪವನ್ನೂ ಓದುತ್ತದೆ. ಡಿಎಸ್224 ಪ್ಲಸ್‌ನಲ್ಲಿರುವ ಸೆಲೆರಾನ್ ಜೆ4125 ಚಿಪ್ 2019ರದು. ಜೊತೆಗೆ ಬರೋದು 2 ಜಿಬಿ ರ‍್ಯಾಮ್.

ಇನ್ನೊಂದು ವಿಷಯ. 2024ರಲ್ಲಿ ಬಂದ ಡಿಎಸ್‌ಎಂ 7.2.2ರಲ್ಲಿ (ಸಿನಾಲಜಿ ಬಾಕ್ಸ್ ನಡೆಸುವ ಸಾಫ್ಟ್‌ವೇರ್) ಸಿನಾಲಜಿಯವರು ತಮ್ಮ ವಿಡಿಯೋ ಸ್ಟೇಷನ್ ಆಪನ್ನೇ ತೆಗೆದುಹಾಕಿದರು. ಎಚ್.265 ಬದಲಾಯಿಸುವ ಕೆಲಸವನ್ನೂ ಸರ್ವರ್‌ನಿಂದ ಬಿಟ್ಟರು. ಜೆಲ್ಲಿಫಿನ್ (ನ್ಯಾಸ್‌ನ ಸಿನಿಮಾ ಟಿವಿಗೆ ಕಳಿಸುವ ಸರ್ವರ್ ಸಾಫ್ಟ್‌ವೇರ್) ಹಾಕಿಕೊಂಡರೆ ಈಗಲೂ ನಡೆಯುತ್ತದೆ, ಇಲ್ಲ ಅನ್ನಲ್ಲ. ಆದರೆ ಹೇಗೂ ಜೆಲ್ಲಿಫಿನ್ನೇ ಹಾಕುವುದಾದರೆ ಅಷ್ಟು ದುಡ್ಡು ಯಾಕೆ ಕೊಡಬೇಕು?

ಸಾಫ್ಟ್‌ವೇರ್ ಅಂದರೆ ಜೆಲ್ಲಿಫಿನ್ ಅಂತಲೇ ಇಟ್ಟುಕೊಳ್ಳಿ. 2018ರ ಕೊನೆಯಲ್ಲಿ ಎಂಬಿ (Emby) ಅನ್ನುವ ಇಂಥದೇ ಸಾಫ್ಟ್‌ವೇರ್‌ನಿಂದ ಕವಲೊಡೆದು ಬಂದದ್ದು, ಪೂರ್ತಿ ಉಚಿತ. ಇದೇ ಕೆಲಸದ ಪ್ಲೆಕ್ಸ್ ಚೆನ್ನಾಗಿದೆ, ಆದರೆ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್‌ಗೆ (ಚಿಪ್‌ನ ಆ ಭಾಗದಿಂದ ವಿಡಿಯೋ ಬದಲಾಯಿಸುವುದಕ್ಕೆ) ಪ್ಲೆಕ್ಸ್ ಪಾಸ್ ಕೊಳ್ಳಬೇಕು. 2025ರ ಏಪ್ರಿಲ್‌ನಿಂದ ಮನೆಯ ಹೊರಗಿಂದ ನೋಡುವುದಕ್ಕೂ ದುಡ್ಡು.

ಗಾಂಧಿಬಜಾರ್ ಹಳಬ

ಡಬ್ಬದ ವಿಷಯ ಆಮೇಲೆ ನೋಡೋಣ. ಟಿವಿಯಿಂದ ಶುರು ಮಾಡಿ. ನ್ಯಾಸ್ ಆಯ್ಕೆಯಲ್ಲಿ ಜನ ಜಾಸ್ತಿ ದುಡ್ಡು ಸುರಿಯುವುದು ಪ್ರೊಸೆಸರ್‌ಗೆ. ಅದು ಬೇಕಾ ಬೇಡವಾ ಅಂತ ಹೇಳುವುದು ಟಿವಿ.

ಫೈಲನ್ನು ಟಿವಿ ಇದ್ದ ಹಾಗೇ ಓದಿಬಿಟ್ಟರೆ ಸರ್ವರ್‌ಗೆ ಕೆಲಸವೇ ಇಲ್ಲ. ಡಿಸ್ಕ್‌ನಿಂದ ಎತ್ತಿ ತಂತಿಗೆ ಹಾಕುವುದಷ್ಟೇ. ಇದು ಡೈರೆಕ್ಟ್ ಪ್ಲೇ. ಇದಕ್ಕೆ ಎಂಥ ಹಳೇ ಚಿಪ್ ಆದರೂ ಸಾಕು. ಟಿವಿಗೆ ಬಾರದ ರೂಪದಲ್ಲಿದ್ದರೆ ಮಾತ್ರ ಸರ್ವರ್ ನಿಂತ ನಿಲುವಿನಲ್ಲೇ ಬೇರೆ ರೂಪಕ್ಕೆ ತಂದು ಕಳಿಸಬೇಕು. ಅದು ಟ್ರಾನ್ಸ್‌ಕೋಡಿಂಗ್. ನಿಮ್ಮದು 4ಕೆ ಆಂಡ್ರಾಯ್ಡ್ ಟಿವಿ. ಎಚ್.264, ಎಚ್.265 ಎರಡನ್ನೂ ಅದೇ ಓದುತ್ತದೆ. ಅಂದರೆ ಬ್ಲೂ-ರೇಯಿಂದ ತೆಗೆದ ಸಿನಿಮಾಗಳಲ್ಲಿ ಬಹುಪಾಲು ಹಾಗೇ ಓಡುತ್ತವೆ.

ತೊಡಕು ಎಲ್ಲಿ ಬರುತ್ತೆ ಅಂದರೆ, ಮೊದಲನೆಯದು ಧ್ವನಿ. ಸ್ಯಾಮ್‌ಸಂಗ್ 2018ರಿಂದ ತನ್ನ ಟಿವಿಗಳಲ್ಲಿ ಡಿಟಿಎಸ್ ಅನ್ನುವ ಧ್ವನಿ ರೂಪವನ್ನು ಕೈಬಿಟ್ಟಿತು. ಎಲ್‌ಜಿ 2020ರಲ್ಲಿ ಬಿಟ್ಟು 2023ರಲ್ಲಿ ಮತ್ತೆ ತಂದಿತು. ಅಂಥ ಟಿವಿಯಲ್ಲಿ ಚಿತ್ರ ಹಾಗೇ ಹೋಗುತ್ತದೆ, ಧ್ವನಿ ಮಾತ್ರ ಬದಲಾಗಬೇಕು. ಇದು ತುಂಬ ಹಗುರವಾದ ಕೆಲಸ, ಹಳೇ ಚಿಪ್ಪೂ ಮಾಡುತ್ತದೆ. ಭಾರ ಬೀಳೋದು ಸಬ್‌ಟೈಟಲ್‌ನಿಂದ. ಬ್ಲೂ-ರೇ ಸಬ್‌ಟೈಟಲ್ ಅಕ್ಷರ ಅಲ್ಲ, ಚಿತ್ರ. ಟಿವಿ ಆಪ್‌ಗೆ ಅದನ್ನು ತೋರಿಸಲು ಬರದಿದ್ದರೆ ಸರ್ವರ್ ಪ್ರತಿ ಫ್ರೇಮಿನ ಮೇಲೂ ಅದನ್ನು ಅಚ್ಚು ಒತ್ತಿ ಕಳಿಸಬೇಕು. 4ಕೆಯಲ್ಲಿ ಇದು ದೊಡ್ಡ ಕೆಲಸ. ಬರೀ ಅಕ್ಷರದ ಎಸ್‌ಆರ್‌ಟಿ ಸಬ್‌ಟೈಟಲ್ ಇಟ್ಟುಕೊಂಡರೆ ಈ ತೊಂದರೆಯೇ ಇಲ್ಲ.

ಎರಡನೆಯದು ಇನ್ನೂ ಮುಖ್ಯ. ಟಿವಿ ಹಿಂದಿನ ಲ್ಯಾನ್ ಪೋರ್ಟ್. ದುಬಾರಿ 4ಕೆ ಟಿವಿಗಳಲ್ಲೂ ಅದು ಬಹಳಷ್ಟು ಸಲ ಬರೀ 100 ಮೆಗಾಬಿಟ್‌ದು. 4ಕೆ ಬ್ಲೂ-ರೇ ಫೈಲ್ ಇದ್ದ ಹಾಗೇ ಇಟ್ಟುಕೊಂಡರೆ ಕೆಲವು ದೃಶ್ಯಗಳಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ದಾಟಿ ಹೋಗುತ್ತದೆ. ಆಗ ಚಿತ್ರ ನಿಂತು ನಿಂತು ಬರುತ್ತದೆ. ಜನ ನ್ಯಾಸ್ ಸರಿ ಇಲ್ಲ ಅಂತ ಬೈಯುತ್ತಾರೆ. ಅದೇ ಟಿವಿಯ 5 ಗಿಗಾಹರ್ಟ್ಸ್ ವೈಫೈ, ರೂಟರ್ ಹತ್ತಿರದಲ್ಲಿದ್ದರೆ, ಈ ತಂತಿಗಿಂತ ಜೋರಾಗಿ ಓಡುತ್ತದೆ.

ಡಬ್ಬ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿ. ಈಗಿರುವ ಲ್ಯಾಪ್‌ಟಾಪ್‌ನಲ್ಲೇ ಜೆಲ್ಲಿಫಿನ್ ಹಾಕಿ. ನಿಮ್ಮ ಹತ್ತಿರ ಇರುವ ಬೇರೆ ಬೇರೆ ಬಗೆಯ ಫೈಲ್ ಒಂದೊಂದು ಇಡಿ: ವಿಸಿಡಿಯದು, ಡಿವಿಡಿಯದು, ಬ್ಲೂ-ರೇದು. ಟಿವಿ ಆಪ್‌ನಲ್ಲಿ ಓಡಿಸಿ. ಓಡುವಾಗ ಲ್ಯಾಪ್‌ಟಾಪ್‌ನಲ್ಲಿ ಜೆಲ್ಲಿಫಿನ್ ಡ್ಯಾಶ್‌ಬೋರ್ಡ್ ತೆಗೆದರೆ ಡೈರೆಕ್ಟ್ ಪ್ಲೇ ಆಗುತ್ತಿದೆಯಾ, ಟ್ರಾನ್ಸ್‌ಕೋಡ್ ಆಗುತ್ತಿದೆಯಾ, ಆಗುತ್ತಿದ್ದರೆ ಯಾಕೆ ಅಂತ ಅಲ್ಲೇ ಬರೆದಿರುತ್ತದೆ. ಒಂದು ಸಂಜೆ ಸಾಕು.

ಬನಶಂಕರಿ ವಾಸಿ

ತುಂಬ ಉಪಯೋಗ ಆಯಿತು ಸರ್. ಮಾಡಿ ನೋಡಿ ಹೇಳುತ್ತೇನೆ. ಕರೆಂಟ್ ಖರ್ಚು ಎಷ್ಟು ಬರಬಹುದು? ಇಡೀ ದಿನ ಆನ್ ಇರಬೇಕಲ್ವಾ?

ಆರ್‌ಆರ್ ನಗರ ಗೃಹಿಣಿ

ಕರೆಂಟ್ ಲೆಕ್ಕ ನಾನು ಹೇಳುತ್ತೇನೆ. ನಮ್ಮ ಮನೆಯ ಬೆಸ್ಕಾಂ ಬಿಲ್ ನೋಡಿಕೊಳ್ಳುವವಳು ನಾನೇ. ಎರಡು ಡಿಸ್ಕ್ ಇರುವ ಸಣ್ಣ ನ್ಯಾಸ್ 20 ವಾಟ್ ಅಂತ ಇಟ್ಟುಕೊಳ್ಳಿ. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ. 14.4 ಯೂನಿಟ್ ಆಗುತ್ತದೆ. ಮೂಲೆಯಲ್ಲಿರುವ ಹಳೇ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿಕೊಂಡರೆ, ಅದು 70 ವಾಟ್ ಎಳೆದರೂ 50 ಯೂನಿಟ್.

ಗೃಹಜ್ಯೋತಿ ಇರುವ ಮನೆಯವರು ಇಲ್ಲಿ ಗಮನಿಸಬೇಕು. ನಿಮಗೆ ಸಿಗುವ ಉಚಿತ ಯೂನಿಟ್ ನಿಮ್ಮ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ. ಅದನ್ನು ದಾಟಿದರೆ ಹೆಚ್ಚಿನ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. 170, 180ರ ಆಸುಪಾಸಿನಲ್ಲಿರುವ ಮನೆಗೆ ಹಳೇ ಡೆಸ್ಕ್‌ಟಾಪ್ ಬಿಟ್ಟಿ ಸಿಕ್ಕಿದರೂ ದುಬಾರಿಯೇ.

ಯುಪಿಎಸ್ ದುಡ್ಡನ್ನು ಬಜೆಟ್‌ನಲ್ಲಿ ಮೊದಲೇ ಎತ್ತಿಡಿ. ಏಪ್ರಿಲ್, ಮೇ ಸಂಜೆ ಮಳೆಗೆ ನಮ್ಮ ಕಡೆ ಕರೆಂಟ್ ಹೋಗೋದು, ಬರೋದು, ಮತ್ತೆ ಹೋಗೋದು ಎಲ್ಲರಿಗೂ ಗೊತ್ತು. ಮನೆಗೆ ಇನ್ವರ್ಟರ್ ಇದ್ದರೂ ಸಾಲದು. ಬ್ಯಾಟರಿ ಮುಗಿಯುತ್ತಿದೆ ಅಂತ ಇನ್ವರ್ಟರ್ ನ್ಯಾಸ್‌ಗೆ ಹೇಳುವುದಿಲ್ಲ. ಯುಎಸ್‌ಬಿ ತಂತಿ ಇರುವ ಸಣ್ಣ ಯುಪಿಎಸ್ ಹೇಳುತ್ತದೆ. ಆಗ ನ್ಯಾಸ್ ಬರೆಯುತ್ತಿರುವುದನ್ನು ಮುಗಿಸಿ ತಾನಾಗಿಯೇ ಆಫ್ ಆಗುತ್ತದೆ. ಯುಪಿಎಸ್ ಕೊಳ್ಳುವಾಗ ಯುಎಸ್‌ಬಿ ಪೋರ್ಟ್ ಇದೆಯಾ ಅಂತ ತಿರುಗಿಸಿ ನೋಡಿ. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಇನ್ನೊಂದು, ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಅದರ ಕರೆಂಟನ್ನು ಕೆಲವು ಯುಪಿಎಸ್ ಒಪ್ಪುವುದಿಲ್ಲ. ತನ್ನ ಬ್ಯಾಟರಿಯನ್ನೇ ಸುಮ್ನೆ ಖಾಲಿ ಮಾಡಿಕೊಳ್ಳುತ್ತದೆ. ಪ್ಯೂರ್ ಸೈನ್ ವೇವ್ ಇದ್ದರೆ ಈ ಕಷ್ಟ ಇಲ್ಲ.

ಎಸ್‌ಪಿ ರೋಡ್ ಗಿರಾಕಿ

ಡಿಸ್ಕ್ ಬಗ್ಗೆ ಯಾರೂ ಮಾತಾಡಿಲ್ಲ. ಎಸ್‌ಎಂಆರ್, ಸಿಎಂಆರ್ ಅಂದರೆ ಡಿಸ್ಕ್ ಒಳಗೆ ಬರೆಯುವ ಎರಡು ರೀತಿ. ಎಸ್‌ಎಂಆರ್ ಡಿಸ್ಕ್ ಬೇಡ, ಸಿಎಂಆರ್ ತಗೊಳ್ಳಿ. ಎಸ್‌ಎಂಆರ್‌ನಲ್ಲಿ ಪಟ್ಟಿಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅರ್ಧ ಕೂತಿರುತ್ತವೆ. ಒಂದನ್ನು ತಿದ್ದಬೇಕಾದರೆ ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಓದುವಾಗ ಏನೂ ಗೊತ್ತಾಗಲ್ಲ. ದೊಡ್ಡದಾಗಿ ಬರೆಯುವಾಗ, ಅದರಲ್ಲೂ ರೈಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವ್ಯವಸ್ಥೆ) ಮತ್ತೆ ಕಟ್ಟುವಾಗ, ತೆವಳುತ್ತದೆ. 2020ರಲ್ಲಿ ಡಬ್ಲ್ಯುಡಿ ರೆಡ್ ಸಾಲಿನ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಅಂತ ಹೊರಗೆ ಬಂದು ದೊಡ್ಡ ಗಲಾಟೆ ಆಗಿತ್ತು. ಆಮೇಲೆ ಸಿಎಂಆರ್ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಅಂತ ಹೆಸರಿಟ್ಟರು. ಸೀಗೇಟ್‌ನಲ್ಲಿ ಐರನ್‌ವುಲ್ಫ್ ಸಾಲು ಪೂರ್ತಿ ಸಿಎಂಆರ್.

ಎಸ್‌ಪಿ ರೋಡ್‌ನಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ಕೊಂಡರೂ ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಭಾರತದ ವಾರಂಟಿ ಇದೆಯಾ, ಎಲ್ಲಿಯವರೆಗೆ ಇದೆ ಅಂತ ಬರುತ್ತದೆ. ಮನೆಗೆ ತಂದ ಮೇಲೆ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ಎಷ್ಟು ಗಂಟೆ ಓಡಿದೆ ಅಂತ ನೋಡಿ. ಹೊಸದು ಅಂದರೆ ಸೊನ್ನೆ, ಒಂದೆರಡು ಗಂಟೆ ಇರಬೇಕು. ಅದೊಂದನ್ನೇ ನಂಬಬೇಡಿ. 2025ರ ಶುರುವಿನಲ್ಲಿ ಯೂರೋಪಿನಲ್ಲಿ ಬಳಸಿದ ಸೀಗೇಟ್ ಡಿಸ್ಕ್‌ಗಳ ಗಂಟೆ ಅಳಿಸಿ ಹೊಸದು ಅಂತ ಮಾರಿದ್ದು ಸಿಕ್ಕಿಬಿತ್ತು. ಸೀಗೇಟ್‌ನಲ್ಲಿ ಫಾರ್ಮ್ ಅಂತ ಇನ್ನೊಂದು ದಾಖಲೆ ಇರುತ್ತದೆ. ಸ್ಮಾರ್ಟ್‌ಸಿಟಿಎಲ್ (smartctl) ಅನ್ನುವ ಸಾಫ್ಟ್‌ವೇರ್‌ನ 7.4ರಲ್ಲಿ ಅದನ್ನು ಓದಬಹುದು. ಎರಡೂ ಗಂಟೆ ತಾಳೆ ಆಗಬೇಕು.

ದರ ನಾನು ಬರೆಯಲ್ಲ. ಇವತ್ತು ಬರೆದದ್ದು ಮುಂದಿನ ವಾರಕ್ಕೆ ಇರಲ್ಲ.

ಎಚ್‌ಎಸ್‌ಆರ್ ಹುಡುಗ

ಒಳ್ಳೇ ಮಾತು. ಎರಡು ಡಿಸ್ಕ್ ತಗೊಂಡು ರೈಡ್ 1 ಹಾಕಿಬಿಡಿ ಸರ್. ಒಂದು ಹೋದರೂ ಇನ್ನೊಂದರಲ್ಲಿ ಎಲ್ಲ ಇರುತ್ತದೆ.

ಗಾಂಧಿಬಜಾರ್ ಹಳಬ

ಇದನ್ನು ನಾನು ಒಪ್ಪುವುದಿಲ್ಲ ತಮ್ಮಾ. ರೈಡ್ 1 ಒಂದೇ ಕಷ್ಟದಿಂದ ಕಾಪಾಡುತ್ತದೆ: ಒಂದು ಡಿಸ್ಕ್ ಕೆಟ್ಟರೆ ಟಿವಿ ನಿಲ್ಲುವುದಿಲ್ಲ. ಮಗು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅಳಿಸುತ್ತದೆ. ರ‍್ಯಾನ್ಸಮ್‌ವೇರ್ (ಫೈಲ್‌ಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೆ ಎರಡಕ್ಕೂ ಬೀಗ ಬೀಳುತ್ತದೆ. ವೋಲ್ಟೇಜ್ ಏರಿ ಡಬ್ಬ ಸುಟ್ಟರೆ, ಕಳ್ಳ ಎತ್ತಿಕೊಂಡು ಹೋದರೆ, ಎರಡೂ ಒಟ್ಟಿಗೇ ಹೋಗುತ್ತವೆ. ಆಫೀಸಿಗೆ ಕೆಲಸ ನಿಲ್ಲಬಾರದು, ಅದಕ್ಕೆ ರೈಡ್ ಬೇಕು. ಮನೆಯಲ್ಲಿ ಎರಡು ದಿನ ಸಿನಿಮಾ ನೋಡದಿದ್ದರೆ ಏನೂ ಆಗಲ್ಲ. ಮದುವೆ ಟೇಪ್ ಹೋದರೆ ಅದು ಮತ್ತೆ ಬರಲ್ಲ.

ಬನಶಂಕರಿಯವರೇ, ನಿಮ್ಮ ಸರಕನ್ನು ಎರಡು ಪಾಲು ಮಾಡಿ. ಡಿಸ್ಕ್ ಕಪಾಟಿನಲ್ಲಿರುವ ಬ್ಲೂ-ರೇ, ಡಿವಿಡಿಗಳನ್ನು ಮತ್ತೆ ಇಳಿಸಿಕೊಳ್ಳಬಹುದು. ಬೇಜಾರಿನ ಕೆಲಸ, ಆದರೆ ಆಗುತ್ತದೆ. ಮದುವೆ ಟೇಪು, ಅಪ್ಪನ ತಾಳಮದ್ದಳೆ, ಫೋಟೋಗಳು ಮತ್ತೆ ಎಲ್ಲೂ ಸಿಗಲ್ಲ. ನಿಮ್ಮ ವಿಸಿಡಿಗಳನ್ನೂ ನಾನು ಈ ಎರಡನೇ ಪಾಲಿಗೇ ಸೇರಿಸುತ್ತೇನೆ. ಎಷ್ಟೋ ಹಳೇ ಕನ್ನಡ ಸಿನಿಮಾಗಳು ಇವತ್ತು ಅಂಗಡಿಯಲ್ಲಿ ಸಿಗುವುದಿಲ್ಲ, ಡಿಸ್ಕ್‌ಗಳೋ ವರ್ಷ ಕಳೆದ ಹಾಗೆ ಓದಲು ಆಗದೆ ಹೋಗುತ್ತವೆ.

ಈ ಎರಡನೇ ಪಾಲು ಎಷ್ಟಾಗುತ್ತದೆ ನೋಡಿ. ಮಿನಿ ಡಿವಿ ಒಂದು ಗಂಟೆಗೆ ಸುಮಾರು 13 ಜಿಬಿ. 20 ಟೇಪ್ ಇದ್ದರೂ 260 ಜಿಬಿ. ತೊಂಬತ್ತು ನಿಮಿಷದ ಕ್ಯಾಸೆಟ್ ಸಿಡಿ ಗುಣಮಟ್ಟದಲ್ಲಿ 900 ಎಂಬಿ, ಫ್ಲ್ಯಾಕ್ (ಗುಣಮಟ್ಟ ಕೆಡಿಸದೆ ಕುಗ್ಗಿಸುವ ರೂಪ) ಮಾಡಿದರೆ ಹೆಚ್ಚುಕಡಿಮೆ ಅರ್ಧ. ವಿಸಿಡಿ ಸಿನಿಮಾ ಎರಡೋ ಮೂರೋ ಡಿಸ್ಕ್, 2 ಜಿಬಿ ಆಚೀಚೆ. ಎಲ್ಲ ಸೇರಿಸಿ, ಫೋಟೋ ಸೇರಿಸಿ, 1 ಟಿಬಿಯಲ್ಲಿ ಮುಗಿಯುತ್ತದೆ. ಇದಕ್ಕೆ ಮೂರು ಪ್ರತಿ ಇರಲಿ. ಒಂದು ನ್ಯಾಸ್‌ನಲ್ಲಿ. ಒಂದು ಬೀರುವಿನಲ್ಲಿ, ತಂತಿ ಕಿತ್ತಿಟ್ಟ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ. ಒಂದು ಬೇರೆ ಊರಲ್ಲಿ. ದಸರಾಗೆ ಮೈಸೂರಿಗೆ ಹೋಗುವವರು ಅಲ್ಲಿನ ನೆಂಟರ ಮನೆಯಲ್ಲಿ ಒಂದು ಡಿಸ್ಕ್ ಇಟ್ಟು ಬರಬಹುದು, ಮುಂದಿನ ವರ್ಷ ಅದಲುಬದಲು ಮಾಡಿಕೊಳ್ಳಬಹುದು. ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿಡಿ.

ಕ್ಲೌಡ್ ಬೇಕಾದವರಿಗೂ ಲೆಕ್ಕ ಇಲ್ಲಿದೆ. ಅಪ್‌ಲೋಡ್ 40 ಮೆಗಾಬಿಟ್ ಸಿಕ್ಕರೆ 1 ಟಿಬಿಗೆ ಸುಮಾರು 56 ಗಂಟೆ. ನಮ್ಮಲ್ಲಿ ಎಷ್ಟೋ ಫೈಬರ್ ಪ್ಲಾನ್‌ಗಳಿಗೆ ತಿಂಗಳಿಗೆ 3.3 ಟಿಬಿ ಮಿತಿ ಇದೆ, ಅದರೊಳಗೆ ಆರಾಮಾಗಿ ಆಗುತ್ತದೆ.

ನಾಲ್ಕು ಡಿಸ್ಕ್ ಬಾಕ್ಸ್ ನಿಮಗೆ ಬೇಡ. ಆ ದುಡ್ಡಿನಲ್ಲಿ ಇನ್ನೆರಡು ಪ್ರತಿ ಆಗುತ್ತದೆ.

ಎಚ್‌ಎಸ್‌ಆರ್ ಹುಡುಗ

ಅಣ್ಣಾ, ಅಪ್ಪ ಅಮ್ಮ ಮಾತ್ರ ಇರುವ ಮನೆಯಲ್ಲಿ ಡಿಸ್ಕ್ ಕೆಟ್ಟರೆ ಸರಿಮಾಡುವವರು ಯಾರೂ ಇರಲ್ಲ. ಅಲ್ಲಿ ರೈಡ್ ಉಪಯೋಗಕ್ಕೆ ಬರುತ್ತದೆ. ದುಡ್ಡಿದ್ದರೆ ಎರಡೂ ಇರಲಿ ಅಂತ ನನ್ನ ಅಭಿಪ್ರಾಯ. ಮೊದಲು ಪ್ರತಿ, ಆಮೇಲೆ ರೈಡ್, ಆ ಕ್ರಮ ಒಪ್ಪಿದೆ.

ಮಲ್ಲೇಶ್ವರಂ ಸಿನಿಪ್ರಿಯೆ

ಕನ್ನಡಕ್ಕೆ ಸಂಬಂಧಪಟ್ಟ ಎರಡು ಮಾತು ಸೇರಿಸುತ್ತೇನೆ.

ವಿಸಿಡಿಯೊಳಗಿನ ಡ್ಯಾಟ್ (.DAT) ಫೈಲ್ ಅಂದರೆ ಎಂಪೆಗ್-1 ವಿಡಿಯೋನೇ, 352 ಗುಣಿಸು 288. ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಹೊರಗಿನ ಪೊಟ್ಟಣ ಮಾತ್ರ ಬದಲಾಯಿಸಿ. ಒಳಗಿನ ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡಿ "ಎಚ್‌ಡಿ" ಮಾಡಲು ಹೋಗಬೇಡಿ. ಇರುವ ಅಷ್ಟಿಷ್ಟು ಸ್ಪಷ್ಟತೆಯೂ ಹೋಗುತ್ತದೆ. ಮೂಲ ಹಾಗೇ ಇರಲಿ. ಟಿವಿಗೆ ಎಂಪೆಗ್-1 ಬಾರದಿದ್ದರೆ ಸರ್ವರ್ ಬದಲಾಯಿಸಿ ಕಳಿಸುತ್ತದೆ. ಇಷ್ಟು ಸಣ್ಣ ಚಿತ್ರಕ್ಕೆ ಹಳೇ ಚಿಪ್ ಕೂಡ ಸಾಕು.

ಫೋಲ್ಡರ್ ಹೆಸರಿನಲ್ಲಿ ಸಿನಿಮಾ ಹೆಸರಿನ ಜೊತೆ ಬಿಡುಗಡೆಯ ವರ್ಷ ಹಾಕಲೇಬೇಕು. ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಭಾಷೆಯಲ್ಲಿ ಸಿನಿಮಾ ಬಂದಿರುತ್ತದೆ. ವರ್ಷ ಇಲ್ಲದಿದ್ದರೆ ಜೆಲ್ಲಿಫಿನ್ ತಪ್ಪು ಪೋಸ್ಟರ್ ತಂದು ಹಾಕುತ್ತದೆ. ನಟರ ಹೆಸರು ಸಿಗದಿದ್ದರೆ ನೀವೇ ತುಂಬಬಹುದು. ನಾನು ನನ್ನ ಸಂಗ್ರಹಕ್ಕೆ ಸಂಗೀತ ನಿರ್ದೇಶಕರು, ಗೀತರಚನೆಕಾರರ ಹೆಸರು ಸೇರಿಸಿದ್ದೇನೆ. ಅಮ್ಮ ಅದನ್ನು ನೋಡಿಯೇ ಸಿನಿಮಾ ಆರಿಸುತ್ತಾರೆ.

ಕನ್ನಡ ಸಬ್‌ಟೈಟಲ್ ಇದ್ದರೆ ಫೈಲ್ ಯುಟಿಎಫ್-8ನಲ್ಲಿ ಉಳಿಸಿ. ಅಕ್ಷರ ಬಂದರೂ ಒತ್ತಕ್ಷರ ಪಕ್ಕಕ್ಕೆ ಬಿದ್ದು "ಕ್ಷ", "ಸ್ತ್ರ" ಎಲ್ಲ ಒಡೆದು ಕಂಡರೆ ದೋಷ ಫೈಲ್‌ದಲ್ಲ, ಪ್ಲೇಯರ್‌ದು. ಬೇರೆ ಪ್ಲೇಯರ್ ಆರಿಸಿ ನೋಡಿ.

ಬನಶಂಕರಿ ವಾಸಿ

ಪರೀಕ್ಷೆ ಮಾಡಿದೆ! ಬ್ಲೂ-ರೇ ಫೈಲ್‌ಗಳು ಎಲ್ಲ ಡೈರೆಕ್ಟ್ ಪ್ಲೇ. ಡಿವಿಡಿಯದು ಟ್ರಾನ್ಸ್‌ಕೋಡ್ ಆಯಿತು, ಎಂಪೆಗ್-2 ಬರಲ್ಲ ಅಂತ ತೋರಿಸಿತು. ಆದರೆ ಇನ್ನೊಂದು ಕಂಡಿತು. ಲ್ಯಾಪ್‌ಟಾಪ್‌ನಿಂದ ಇನ್ನೊಂದು ಕಂಪ್ಯೂಟರ್‌ಗೆ ತಂತಿಯಲ್ಲೇ ಕಾಪಿ ಮಾಡಿದರೆ ಸೆಕೆಂಡಿಗೆ 11 ಎಂಬಿಗೆ ನಿಂತುಬಿಡುತ್ತದೆ. ರೂಟರ್ ಗಿಗಾಬಿಟ್ ಅಂತ ಬರೆದಿದೆ.

ಗಾಂಧಿಬಜಾರ್ ಹಳಬ

11 ಎಂಬಿ ಅಂದರೆ ನಡುವೆ ಎಲ್ಲೋ 100 ಮೆಗಾಬಿಟ್‌ಗೆ ಇಳಿದಿದೆ. ಗಿಗಾಬಿಟ್ ಸರಿ ಇದ್ದರೆ 110 ಎಂಬಿ ಹತ್ತಿರ ಬರಬೇಕು. ಲ್ಯಾನ್ ತಂತಿಯೊಳಗೆ ನಾಲ್ಕು ಜೊತೆ ಎಳೆ ಇರುತ್ತವೆ. ಗಿಗಾಬಿಟ್‌ಗೆ ನಾಲ್ಕೂ ಬೇಕು, 100ಕ್ಕೆ ಎರಡು ಸಾಕು. ಒಂದು ಎಳೆ ಕ್ಲಿಪ್‌ನಲ್ಲಿ ಸರಿಯಾಗಿ ಕೂತಿಲ್ಲದಿದ್ದರೂ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಇಂಟರ್ನೆಟ್ ಎಂದಿನ ಹಾಗೇ ಬರುವುದರಿಂದ ಗೊತ್ತೇ ಆಗಲ್ಲ. ಮೊದಲು ತಂತಿ ಬದಲಾಯಿಸಿ. ಗೋಡೆಯೊಳಗೆ ಬಿಲ್ಡರ್ ಎಳೆದ ತಂತಿ ಆಗಿದ್ದರೆ ಎರಡೂ ತುದಿಯ ಕ್ಲಿಪ್ ಕತ್ತರಿಸಿ ಹೊಸದು ಒತ್ತಿಸಿ.

ಬನಶಂಕರಿ ವಾಸಿ

ತಂತಿಯೇ! ಹೊಸ ಕ್ಯಾಟ್ 6 ಹಾಕಿದ ಮೇಲೆ 108 ಬಂತು. ಇನ್ನೊಂದು ಪ್ರಶ್ನೆ. ಅಕ್ಕ ಅಮೆರಿಕದಲ್ಲಿದ್ದಾಳೆ. ಮದುವೆ ವಿಡಿಯೋ ಅವಳೂ ನೋಡಬೇಕು. ಹೊರಗಿನವರು ಒಳಗೆ ಬರಲು ರೂಟರ್‌ನಲ್ಲಿ ಪೋರ್ಟ್ (ಇಂಟರ್ನೆಟ್‌ನಿಂದ ಬರುವ ಬಾಗಿಲು) ತೆರೆಯಬೇಕಾ?

ಎಚ್‌ಎಸ್‌ಆರ್ ಹುಡುಗ

ಖಂಡಿತ ಬೇಡ ಸರ್. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ರ‍್ಯಾನ್ಸಮ್‌ವೇರ್ ಇಂಟರ್ನೆಟ್‌ಗೆ ನೇರ ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳಿಗೆ ನುಗ್ಗಿ ಫೈಲ್‌ಗಳಿಗೆ ಬೀಗ ಹಾಕಿ 0.03 ಬಿಟ್‌ಕಾಯಿನ್ ಕೇಳಿತ್ತು. ಹೇಗೂ ನಮ್ಮಲ್ಲಿ ಎಷ್ಟೋ ಕನೆಕ್ಷನ್ ಸಿಜಿನ್ಯಾಟ್ ಹಿಂದೆ ಇರುತ್ತವೆ, ಒಂದೇ ವಿಳಾಸವನ್ನು ತುಂಬ ಮನೆಗಳು ಹಂಚಿಕೊಂಡಿರುತ್ತವೆ. ಪೋರ್ಟ್ ತೆರೆದರೂ ಹೊರಗಿಂದ ತಲುಪಲ್ಲ. ಟೈಲ್‌ಸ್ಕೇಲ್ ಹಾಕಿ. ನಿಮ್ಮ ಸಾಧನಗಳ ನಡುವೆ ಖಾಸಗಿ ದಾರಿ ಮಾಡುವ ಆಪ್ ಅದು, ವೈರ್‌ಗಾರ್ಡ್ ಅನ್ನುವ ವಿಪಿಎನ್ ಮೇಲೆ ಕಟ್ಟಿರುವುದು, ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ. ಅಕ್ಕನ ಫೋನಲ್ಲೋ ಟಿವಿಯಲ್ಲೋ ಅದೇ ಆಪ್ ಹಾಕಿದರೆ ಮನೆಯಲ್ಲೇ ಕೂತ ಹಾಗೆ ಕಾಣುತ್ತದೆ. ಡಿವಿ ಫೈಲ್ ಮಾತ್ರ ಮೂಲ ಗಾತ್ರದಲ್ಲಿ ಅಲ್ಲಿಗೆ ಹೋಗಲ್ಲ, ಚಿಕ್ಕದು ಮಾಡಿ ಕಳಿಸಬೇಕು. ಅಲ್ಲಿ ಎನ್100 ಕೈಹಿಡಿಯುತ್ತದೆ ನೋಡಿ.

ಬನಶಂಕರಿ ವಾಸಿ

ಹಾಗಾದರೆ ಹೀಗೆ ಅಂದುಕೊಂಡಿದ್ದೇನೆ. ಎರಡು ಡಿಸ್ಕ್ ಕೂರುವ, ಎನ್100 ಇರುವ ಬಾಕ್ಸ್. ಯುಎಸ್‌ಬಿ ಡಬ್ಬ ಜೋಡಿಸುವ ಬದಲು ಒಳಗೇ ಸಾಟಾದಲ್ಲಿ (ಡಿಸ್ಕ್ ನೇರ ಜೋಡಿಸುವ ಕನೆಕ್ಟರ್) ಡಿಸ್ಕ್ ಕೂರಬೇಕು. ಒಂದು 8 ಟಿಬಿ ಸಿಎಂಆರ್ ಡಿಸ್ಕ್ ಒಳಗೆ, ಇನ್ನೊಂದು ಜಾಗ ಸದ್ಯಕ್ಕೆ ಖಾಲಿ. ಹೊಸ 8 ಟಿಬಿ ಎಕ್ಸ್‌ಟರ್ನಲ್ ಬೀರುವಿಗೆ. ಹಳೇ 2 ಟಿಬಿಯಲ್ಲಿ ಎರಡನೇ ಪಾಲು ಹಾಕಿ ಹಾಸನಕ್ಕೆ, ಚಿಕ್ಕಪ್ಪನ ಮನೆಗೆ. ಯುಎಸ್‌ಬಿ ಇರುವ ಯುಪಿಎಸ್. ನ್ಯಾಸ್ ನಡೆಸಲು ಓಪನ್‌ಮೀಡಿಯಾವಾಲ್ಟ್ ಸಾಫ್ಟ್‌ವೇರ್, ಅದರ ಮೇಲೆ ಜೆಲ್ಲಿಫಿನ್.

ಎಸ್‌ಪಿ ರೋಡ್ ಗಿರಾಕಿ

ಸರಿಯಾಗಿದೆ. 8 ಟಿಬಿ ಹಾಕಿದರೆ ಕೆಲವು ಕಡೆ 7.27 ಅಂತ ಕಾಣುತ್ತದೆ, ಲೆಕ್ಕ ಹಾಕುವ ರೀತಿ ಬೇರೆ ಅಷ್ಟೇ, ಅಂಗಡಿಗೆ ವಾಪಸ್ ಓಡಬೇಡಿ. ಫೈಲ್ ತುಂಬುವ ಮೊದಲು ಸ್ಮಾರ್ಟ್‌ನ ಉದ್ದದ ಪರೀಕ್ಷೆ ಓಡಿಸಿ. ಇಷ್ಟು ದೊಡ್ಡ ಡಿಸ್ಕ್‌ಗೆ ಅರ್ಧ ದಿನಕ್ಕೂ ಜಾಸ್ತಿ ಹಿಡಿಯುತ್ತದೆ. ಕೆಡುವ ಡಿಸ್ಕ್ ಖಾಲಿ ಇರುವಾಗಲೇ ಕೆಡಲಿ.

ಮಲ್ಲೇಶ್ವರಂ ಸಿನಿಪ್ರಿಯೆ

ಬಾಕ್ಸ್ ಬರುವವರೆಗೆ ಟೇಪ್ ಕೆಲಸ ನಿಲ್ಲಿಸಬೇಡಿ. ಮಿನಿ ಡಿವಿ ಇಳಿಸಲು ಓಡುವ ಕ್ಯಾಮ್‌ಕಾರ್ಡರ್ ಬೇಕು, ಫೈರ್‌ವೈರ್ (ಕ್ಯಾಮ್‌ಕಾರ್ಡರ್ ಜೋಡಿಸುವ ಹಳೇ ಪೋರ್ಟ್) ಇರುವ ಕಂಪ್ಯೂಟರ್ ಬೇಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಇಲ್ಲ. ಆಪಲ್ 2025ರ ಮ್ಯಾಕ್‌ಓಎಸ್‌ನಲ್ಲಿ ಅದನ್ನು ಪೂರ್ತಿ ಕೈಬಿಟ್ಟಿತು. ಫೈರ್‌ವೈರ್ ಕಾರ್ಡ್ ಹಾಕಿದ ಹಳೇ ಡೆಸ್ಕ್‌ಟಾಪ್ ನನ್ನ ಹತ್ತಿರ ಇದೆ, ಮಲ್ಲೇಶ್ವರಕ್ಕೆ ಬಂದರೆ ಇಳಿಸಿಕೊಂಡು ಹೋಗಬಹುದು. ಕ್ಯಾಮ್‌ಕಾರ್ಡರ್ ನೀವು ತರಬೇಕು. ಟೇಪ್ ಹಾಕುವ ಮೊದಲು ಒಂದು ಸಲ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿಕೊಂಡು ಬನ್ನಿ. ವರ್ಷಗಟ್ಟಲೆ ಸುಮ್ನೆ ಇದ್ದ ಟೇಪ್ ಪದರ ಅಂಟಿಕೊಂಡಿರುತ್ತದೆ. ಒಂದು ಗಂಟೆಯ ಟೇಪ್‌ಗೆ ಒಂದು ಗಂಟೆಯೇ ಬೇಕು, ಬೇಗ ಮಾಡಲು ಆಗಲ್ಲ. ಅದಕ್ಕೇ ಭಾನುವಾರ ಬೆಳಿಗ್ಗೆಯೇ ಬನ್ನಿ.

ಬನಶಂಕರಿ ವಾಸಿ

ಖಂಡಿತ ಬರುತ್ತೇನೆ ಮೇಡಂ. ಕ್ಯಾಮ್‌ಕಾರ್ಡರ್ ಚಿಕ್ಕಪ್ಪನ ಮನೆಯಲ್ಲಿದೆ, ಚಾರ್ಜರ್ ಸಮೇತ ತರಿಸಿಕೊಳ್ಳುತ್ತೇನೆ.